ಮಕ್ಕಳ ಮೊಬೈಲಿಗೆ ತೂಬು ಇರಲಿ, ಬೇಹುಗಾರಿಕೆ ಬೇಡ

(ಮಂಡ್ಯದಲ್ಲಿ ಜರಗಿದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಕೈಗೆ ಮೊಬೈಲ್ ಕೊಡಬೇಕೇ ಬೇಡವೇ ಎಂಬುದು ಇಂದಿನ ಪ್ರಶ್ನೆಯಲ್ಲ. ಅದಕ್ಕೆ 2020ರಲ್ಲಿಯೇ ಉತ್ತರ ದೊರೆತಿದೆ. ಆ ವರ್ಷದ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರಕಾರವು ಕೆಳ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈಯಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ಅಲ್ಲಿಯವರೆಗೆ 'ಮೊಬೈಲ್ ಮುಟ್ಟಬೇಡ' ಎಂದು ಗದರುತ್ತಿದ್ದ ನಾವೇ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಅವರ ಕೈಗೆ ಮೊಬೈಲ್ ಇತ್ತೆವು. ಶಾಲೆಗಳು ಮತ್ತೆ ತೆರೆದವು. ಆದರೆ ಕೊಟ್ಟ ಮೊಬೈಲ್ ಮರಳಿ ನಮ್ಮ ಕೈಗೆ ಬರಲಿಲ್ಲ.

ನಮ್ಮದು ನಾಲೆಯ ಜಿಲ್ಲೆ. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹರಿಯುತ್ತದೆ. ನೀರು ಹೆಚ್ಚಾದರೆ ಪೈರು ಕೊಳೆಯುತ್ತದೆ ಎಂದು ಯಾವ ರೈತನೂ ನಾಲೆಯನ್ನೇ ಮುಚ್ಚುವುದಿಲ್ಲ, ತೂಬನ್ನು ಇಳಿಸುತ್ತಾನೆ. ಪೇರೆಂಟಲ್ ಕಂಟ್ರೋಲ್ ಎಂಬುದು ಇಂಥದೊಂದು ತೂಬು. ಆದರೆ ಯಾವ ತೂಬು, ಅದನ್ನು ಹೇಗೆ ಇಡಬೇಕು ಎಂಬಲ್ಲಿ ನಾವು ಎಡವುತ್ತಿದ್ದೇವೆ.

ಎಡವಿದವರಲ್ಲಿ ನಾವೂ ಒಬ್ಬರು. ನಮ್ಮ ಅಕ್ಕನ ಮಗ ಒಂಬತ್ತನೇ ತರಗತಿಯಲ್ಲಿದ್ದಾಗ ಅವನ ಮೊಬೈಲಿನಲ್ಲಿ, ಅವನಿಗೆ ತಿಳಿಯದಂತೆ, ಅವನ ಸಂದೇಶಗಳನ್ನೆಲ್ಲ ನಮಗೆ ತೋರಿಸುವ ಆ್ಯಪ್ ಒಂದನ್ನು ಹಾಕಿದೆವು. ಅಕ್ಕನ ಆತಂಕವನ್ನು ದೂರ ಮಾಡುವುದು ನಮ್ಮ ಉದ್ದೇಶವಾಗಿತ್ತು. ಹುಡುಗ ಕೆಲವೇ ದಿನಗಳಲ್ಲಿ ಅದನ್ನು ಪತ್ತೆ ಹಚ್ಚಿದ. ಜಗಳವಾಡಲಿಲ್ಲ. ಗೆಳೆಯನ ಮೊಬೈಲ್ ಬಳಸತೊಡಗಿದ, ಅಷ್ಟೇ. ಕೆಲವು ತಿಂಗಳ ಬಳಿಕ ಅಪರಿಚಿತನೊಬ್ಬ ಅವನ ಚಿತ್ರವನ್ನು ತಿರುಚಿ, ಹಣ ಕೊಡದಿದ್ದರೆ ಎಲ್ಲರಿಗೂ ಕಳುಹಿಸುವುದಾಗಿ ಬೆದರಿಸಿದ. ಹದಿನೈದು ದಿನ ಹುಡುಗ ಸರಿಯಾಗಿ ಊಟ ಮಾಡಲಿಲ್ಲ, ನಿದ್ರಿಸಲಿಲ್ಲ. ವಿಷಯ ನಮಗೆ ತಿಳಿದದ್ದು ಅವನ ಗೆಳೆಯನಿಂದ. ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಮಾಮು, ನೀವು ಮೊದಲೇ ನನ್ನನ್ನು ಕಳ್ಳನೆಂದು ತೀರ್ಮಾನಿಸಿದ್ದಿರಿ. ನಿಮಗೆ ಹೇಳಿ ಏನು ಪ್ರಯೋಜನ ಎಂದುಕೊಂಡೆ."

ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ಮದ್ರಸದಲ್ಲಿ ಓದಿದ ನಮಗೆ ಅಲ್‌ಹುಜುರಾತ್ ಅಧ್ಯಾಯವು ಪರರ ಗುಟ್ಟನ್ನು ಕೆದಕುವುದನ್ನು ನಿಷೇಧಿಸಿದೆ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮಕ್ಕಳ ವಿಷಯದಲ್ಲಿ ಅದು ಅನ್ವಯಿಸದು ಎಂದು ನಾವೇ ವಿನಾಯಿತಿ ಪಡೆದುಕೊಂಡಿದ್ದೆವು. ಅನ್ನೂರ್ ಅಧ್ಯಾಯವು ಸಣ್ಣ ಮಕ್ಕಳಿಗೆ ದಿನದ ಮೂರು ಹೊತ್ತು ಹಿರಿಯರ ಕೋಣೆಗೆ ಬರುವ ಮುನ್ನ ಅನುಮತಿ ಕೇಳುವುದನ್ನು ಕಲಿಸುತ್ತದೆ. ಪ್ರಾಯಕ್ಕೆ ಬಂದವರಿಗೆ ಎಲ್ಲ ಹೊತ್ತೂ ಅದೇ ನಿಯಮ. ಅಂದರೆ ವಯಸ್ಸಿಗೆ ತಕ್ಕಂತೆ ನಿಯಮ ಬದಲಾಗುತ್ತದೆ; ಅದನ್ನು ಮಗುವಿಗೆ ಮೊದಲೇ ತಿಳಿಸಲಾಗುತ್ತದೆ. ಮೊಬೈಲಿನ ತೂಬಿಗೂ ಇದೇ ಅಳತೆ ಸಾಕು.

ಹಾಗಾದರೆ ಯಾವುದನ್ನು ಆರಿಸಬೇಕು?

ಆಂಡ್ರಾಯ್ಡ್ ಮೊಬೈಲಿಗೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಉಚಿತವಾಗಿದೆ. 2017ರಲ್ಲಿ ಬಂದ ಈ ಆ್ಯಪ್‌ನಲ್ಲಿ ಮಗು ಯಾವ ಆ್ಯಪ್ ಇಳಿಸಿಕೊಳ್ಳಬೇಕಾದರೂ ನಿಮ್ಮ ಒಪ್ಪಿಗೆ ಬೇಕೆಂದು ನಿಗದಿಪಡಿಸಬಹುದು. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಎಂಬುದನ್ನೂ ನೀವೇ ನಿರ್ಧರಿಸಬಹುದು. ಅದು ಮಗುವಿನ ಸಂದೇಶಗಳನ್ನು ನಿಮಗೆ ಓದಿಸುವುದಿಲ್ಲ, ಮೇಲ್ವಿಚಾರಣೆ ಇದೆಯೆಂಬುದನ್ನು ಮಗುವಿನಿಂದ ಮರೆಮಾಚುವುದೂ ಇಲ್ಲ. ನಮ್ಮ ದೃಷ್ಟಿಯಲ್ಲಿ ಇದು ಅದರ ಕೊರತೆಯಲ್ಲ, ಹಿರಿಮೆ. ಐಫೋನಿನಲ್ಲಿ 2018ರಿಂದ 'ಸ್ಕ್ರೀನ್ ಟೈಮ್' ಎಂಬ ಸೌಲಭ್ಯವಿದೆ.

ಎರಡನೆಯದು ಡಿಎನ್‌ಎಸ್ ಫಿಲ್ಟರ್. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ವಿಳಾಸ ತಿಳಿಸುವ ವ್ಯವಸ್ಥೆಯೇ ಡಿಎನ್‌ಎಸ್. ಫಿಲ್ಟರ್ ಇರುವ ಡಿಎನ್‌ಎಸ್ ಅಶ್ಲೀಲ ತಾಣಗಳ ವಿಳಾಸ ಕೊಡಲು ನಿರಾಕರಿಸುತ್ತದೆ. ಮನೆಯಲ್ಲಿ ವೈಫೈ ಇದ್ದರೆ ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಎಂಬ ಸಂಖ್ಯೆಗಳನ್ನು ತುಂಬಿಸಿರಿ. ಕ್ಲೌಡ್‌ಫ್ಲೇರ್ ಸಂಸ್ಥೆ 2020ರಲ್ಲಿ ಆರಂಭಿಸಿದ ಈ ಸೇವೆ ಉಚಿತ. ಆದರೆ ಮಗು ವೈಫೈ ಬಿಟ್ಟು ಸಿಮ್‌ನ ಡೇಟಾ ಬಳಸಿದರೆ ರೂಟರಿನ ಫಿಲ್ಟರ್ ಕೆಲಸಕ್ಕೆ ಬಾರದು. ಅದಕ್ಕಾಗಿ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' ಎಂಬ ಆಯ್ಕೆಯಿದೆ. ವಿಪಿಎನ್ ಆ್ಯಪ್ ಹಾಕಿಕೊಂಡರೆ ಇದೂ ಸೋಲುತ್ತದೆ. ಆದ್ದರಿಂದಲೇ ಮೊದಲ ತೂಬು ಮುಖ್ಯ.

ನಮ್ಮ ಅನೇಕ ಮನೆಗಳಲ್ಲಿ ಮಗುವಿಗೆ ಪ್ರತ್ಯೇಕ ಮೊಬೈಲ್ ಇಲ್ಲ. ತಾಯಿಯ ಮೊಬೈಲನ್ನೇ ಎಲ್ಲರೂ ಬಳಸುತ್ತಾರೆ. ಅಂಥವರು ಪ್ಲೇ ಸ್ಟೋರ್‌ನ ಪೇರೆಂಟಲ್ ಕಂಟ್ರೋಲ್‌ಗೆ ಪಿನ್ ಇಡಲಿ. ಪುಟ್ಟ ಮಕ್ಕಳಿಗೆ ಯೂಟ್ಯೂಬ್‌ನ ಬದಲು ಯೂಟ್ಯೂಬ್ ಕಿಡ್ಸ್ ಕೊಡಲಿ. ಹಣ ಪಾವತಿಯ ಆ್ಯಪ್‌ಗೆ ಬೇರೆಯೇ ಬೀಗವಿರಲಿ. ಮಗುವಿನ ಕೈಗೆ ಕೊಡುವಾಗ ಒಂದೇ ಆ್ಯಪ್ ತೆರೆದಿರುವಂತೆ 'ಪಿನ್' ಮಾಡುವ ಸೌಲಭ್ಯವೂ ಆಂಡ್ರಾಯ್ಡ್‌ನಲ್ಲಿದೆ.

ಇನ್ನು ನಾವು ಮಾಡುವ ದೊಡ್ಡ ತಪ್ಪೊಂದಿದೆ. ಹತ್ತು ವರ್ಷದ ಮಗುವಿಗೆ ಖಾತೆ ತೆರೆಯುವಾಗ ಹುಟ್ಟಿದ ವರ್ಷವನ್ನು ಸುಳ್ಳು ಬರೆಯುತ್ತೇವೆ. ಇನ್‌ಸ್ಟಾಗ್ರಾಮ್‌ನ ಕನಿಷ್ಠ ವಯಸ್ಸು 13. ಹದಿಹರೆಯದವರಿಗೆಂದು ಅದು 2024ರಲ್ಲಿ ಘೋಷಿಸಿ 2025ರಲ್ಲಿ ಭಾರತಕ್ಕೂ ತಂದ ವಿಶೇಷ ಖಾತೆಯಲ್ಲಿ ಅಪರಿಚಿತರ ಸಂದೇಶಕ್ಕೆ ತಡೆಯಿದೆ. 16 ತುಂಬದವರು ಅದನ್ನು ಸಡಿಲಿಸಬೇಕಾದರೆ ಪೋಷಕರ ಅನುಮತಿ ಬೇಕು. ಆದರೆ ನೀವು ಮಗುವನ್ನು ಇಪ್ಪತ್ತರ ತರುಣನೆಂದು ಬರೆದರೆ ಈ ರಕ್ಷಣೆಗಳೆಲ್ಲ ಕಳಚಿ ಬೀಳುತ್ತವೆ. ಸುಳ್ಳು ಹೇಳಬೇಡ ಎಂದು ಕಲಿಸಬೇಕಾದವರೇ ಮಗುವಿನ ಎದುರಿನಲ್ಲಿ ಮೊದಲ ಸುಳ್ಳನ್ನು ಬರೆದರೆ, ಆ ಮಗು ಕಲಿಯುವುದೇನನ್ನು?

ಸಹೋದರರೇ, ಯಾವ ಫಿಲ್ಟರೂ ವಾಟ್ಸ್‌ಆ್ಯಪ್‌ಗೆ ಬಂದ ವೀಡಿಯೊವನ್ನು ತಡೆಯಲಾರದು. ದ್ವೇಷದ ಭಾಷಣವನ್ನು ಡಿಎನ್‌ಎಸ್ ಕೇಳಿಸಿಕೊಳ್ಳುವುದಿಲ್ಲ. ನಮ್ಮ ವಿರುದ್ಧ ಹರಡುವ ದ್ವೇಷವನ್ನು ಕಂಡು ನೊಂದುಕೊಳ್ಳುವ ನಾವು, ಇತರರ ವಿರುದ್ಧ ನಮ್ಮವರೇ ಹರಡುವ ದ್ವೇಷವನ್ನು ಮಕ್ಕಳಿರುವ ಗ್ರೂಪಿಗೇ ಫಾರ್ವರ್ಡ್ ಮಾಡುವುದಿಲ್ಲವೇ? ಅದಕ್ಕೆ ಫಿಲ್ಟರ್ ತಂದೆಯ ಹೆಬ್ಬೆರಳಿನಲ್ಲಿರಬೇಕು.

ತಾಯಂದಿರಿಗೆ, ಅದಕ್ಕಿಂತ ಹೆಚ್ಚಾಗಿ ತಂದೆಯಂದಿರಿಗೆ ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಮಗನ ಮೊಬೈಲಿಗೆ ಯಾವ ತಡೆಯೂ ಇಲ್ಲ. ಮಗಳ ಮೊಬೈಲಿಗೆ ಮಾತ್ರ ಇಡೀ ಕುಟುಂಬವೇ ಕಾವಲು. ಅಪರಿಚಿತನೊಬ್ಬ ಅವಳಿಗೆ ಕೆಟ್ಟ ಸಂದೇಶ ಕಳುಹಿಸಿದರೆ ಮೊದಲು ಅವಳ ಮೊಬೈಲ್ ಹೋಗುತ್ತದೆ, ಬಳಿಕ ಕಾಲೇಜು ಹೋಗುತ್ತದೆ. ತಪ್ಪು ಮಾಡಿದವನು ಎಲ್ಲೋ ಹಾಯಾಗಿರುತ್ತಾನೆ. ಹೇಳಿದ್ದಕ್ಕೇ ಶಿಕ್ಷೆಯಾದರೆ ಮುಂದಿನ ಬಾರಿ ಅವಳು ಯಾಕೆ ಹೇಳಬೇಕು? ಬೆದರಿಸುವವರ ಬಂಡವಾಳವೇ ಈ ಮೌನ. ಮಗು ಅಂಥದ್ದೇನನ್ನಾದರೂ ಹೇಳಿದರೆ ನಿಮ್ಮ ಮೊದಲ ಮಾತು 'ನೀನು ಹೇಳಿದ್ದು ಒಳ್ಳೆಯದಾಯಿತು' ಎಂದಾಗಿರಲಿ. ಸಂದೇಶವನ್ನು ಅಳಿಸಬೇಡಿ, ಹಣ ಕೊಡಬೇಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿಗೆ 1098 ಕರೆ ಮಾಡಿ. ಮೊಬೈಲಿನ ಗೀಳು ಕೈಮೀರಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಅಲ್ಲಿಗೆ ಹೋಗುವುದು ಅವಮಾನವಲ್ಲ.

ಹೊಣೆಯೆಲ್ಲ ತಂದೆ-ತಾಯಿಯದ್ದೇ ಎಂದು ನಾವು ಹೇಳುತ್ತಿಲ್ಲ. ಮಗು ಹೆಚ್ಚು ಹೊತ್ತು ನೋಡಿದಷ್ಟೂ ಲಾಭ ಗಳಿಸುವ ಕಂಪೆನಿಗಳು ಫಿಲ್ಟರ್ ಆರಿಸುವ ಕೆಲಸವನ್ನು ಪೋಷಕರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಆಸ್ಟ್ರೇಲಿಯಾವು 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿ, ಹೊಣೆಯನ್ನು ಕಂಪೆನಿಗಳ ಮೇಲೆಯೇ ಹಾಕಿತು. ನಮ್ಮ ದೇಶದ 2023ರ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದ ಮಕ್ಕಳ ಜಾಡು ಹಿಡಿದು ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಆದರೆ ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಕಂಪೆನಿಗಳಿಗೆ ಮತ್ತೆ ಹದಿನೆಂಟು ತಿಂಗಳ ಕಾಲಾವಕಾಶ. ಮಕ್ಕಳು ಅಲ್ಲಿಯವರೆಗೆ ಬೆಳೆಯದೆ ಕಾಯುತ್ತಾರೆಯೇ?

ಆದ್ದರಿಂದ ಇಂದು ರಾತ್ರಿ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಎದುರಿನಲ್ಲಿಯೇ, ಕಾರಣವನ್ನು ಹೇಳಿ ತೂಬನ್ನು ಅಳವಡಿಸಿ. ಯಾವ ವಯಸ್ಸಿಗೆ ಎಷ್ಟು ಎತ್ತುವಿರೆಂದೂ ಹೇಳಿ. ಮಗನಿಗೂ ಮಗಳಿಗೂ ಒಂದೇ ನಿಯಮವಿರಲಿ. ರಾತ್ರಿ ಮಕ್ಕಳ ಮೊಬೈಲ್ ಇಡುವ ಕಪಾಟಿನಲ್ಲಿ ನಿಮ್ಮ ಮೊಬೈಲೂ ಇರಲಿ.

ನಮ್ಮ ಅಕ್ಕನ ಮಗನ ಮೊಬೈಲಿನಿಂದ ಆ ಆ್ಯಪನ್ನು ತೆಗೆದು, ಅವನಲ್ಲಿ ಕ್ಷಮೆ ಕೇಳಿದೆವು. ವಿಶ್ವಾಸ ಒಂದೇ ದಿನದಲ್ಲಿ ಮರಳಲಿಲ್ಲ. ಈಗ ಅವನು ಅನುಮಾನ ಬಂದ ಲಿಂಕುಗಳನ್ನು ತೆರೆಯುವ ಮುನ್ನ ನಮಗೆ ಕಳುಹಿಸಿ, "ಮಾಮು, ಇದು ಸರಿಯೇ?" ಎಂದು ಕೇಳುತ್ತಾನೆ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಹೀಗೆ ಕೇಳುವ ಧೈರ್ಯವನ್ನೂ ನಮಗೆ ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಕರುಣಿಸಲಿ.