ಪರೀಕ್ಷೆಯಲ್ಲಿ ಸೋತವರು ಕೊಟ್ಟಿಗೆಯಲ್ಲಿ ಕಲಿಯಬಲ್ಲರು

(ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದ ಮಗನನ್ನೋ ಮಗಳನ್ನೋ "ನೀನು ದನ ಕಾಯಲಿಕ್ಕೇ ಲಾಯಕ್ಕು" ಎಂದು ಬೈಯುವ ಹಿರಿಯರು ನಮ್ಮಲ್ಲಿ ಬಹಳ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ದನ ಸಾಕುವುದು ಬುದ್ಧಿ ಬೇಡದ ಕೆಲಸವಲ್ಲ. ಬರೆಯಲು ತಡವರಿಸುವವರು ದಡ್ಡರೂ ಅಲ್ಲ.

ಬೆದೆ ಗುರುತಿಸುವುದನ್ನೇ ತೆಗೆದುಕೊಳ್ಳಿ. ಹಸು ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯ ಲಕ್ಷಣ ಬರೆಯಿರಿ ಎಂದರೆ ಹಾಳೆ ಖಾಲಿ ಬಿಡುವ ಹುಡುಗ, ಕೊಟ್ಟಿಗೆಯಲ್ಲಿ ನಾಲ್ಕು ಸಲ ನೋಡಿದರೆ ಮರೆಯುವುದಿಲ್ಲ: ಪದೇ ಪದೇ ಕೂಗುವುದು, ಗಾಜಿನಂತೆ ತಿಳಿಯಾದ ಲೋಳೆ, ಬೇರೆ ರಾಸು ಮೇಲೇರಿದರೂ ಅಲುಗದೆ ನಿಲ್ಲುವುದು. ಎಮ್ಮೆಯಲ್ಲಿ ಇವು ಅಷ್ಟು ಎದ್ದು ಕಾಣವು. ಅಲ್ಲಿ ಪಳಗಿದ ಕಣ್ಣೇ ಬೇಕು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಒಂದು ಬೆದೆ ತಪ್ಪಿದರೆ ಮೂರು ವಾರ ವ್ಯರ್ಥ. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ನಿಮ್ಮ ಮೇಲೆಯೇ.

ಇಂಥ ಮಕ್ಕಳಿಗೆ ಕಲಿಸುವ ಕ್ರಮ ಸರಳ. ಮೊದಲು ತೋರಿಸಿ, ಆಮೇಲೆ ಮಾಡಿಸಿ, ಮಾಡುವಾಗಲೇ "ಹೀಗೇಕೆ?" ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಿ. ಹಾಲು ಕರೆಯುವ ಮುನ್ನ ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಟ್ಟೆ ಬಿಗಿದ ಬಟ್ಟಲಿಗೆ ಹಿಂಡಿಸಿ. ಗರಣೆ, ರಕ್ತ ಅಥವಾ ನೀರಿನಂಥ ಹಾಲು ಕಂಡರೆ ಅದು ಕೆಚ್ಚಲು ಬಾವಿನ ಸೂಚನೆ. ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ಹಾಗಾದರೆ ಬರವಣಿಗೆ ಬೇಡವೇ? ಖಂಡಿತ ಬೇಕು. ಬೆದೆಯ ದಿನಾಂಕ ಬರೆದಿಡದಿದ್ದರೆ ಮುಂದಿನ 21ನೇ ದಿನ ಯಾವುದೆಂದು ತಿಳಿಯದು. ಹಸುವಿನ ಗರ್ಭಾವಧಿ ಸುಮಾರು 280 ದಿನ. ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸಬೇಕು. ಈ ಲೆಕ್ಕವನ್ನು ಮಕ್ಕಳ ಕೈಗೇ ಕೊಡಿ. ಕೆಲಸಕ್ಕೆ ಬೇಕಾಗಿ ದಿನಕ್ಕೊಂದು ಸಾಲು ಬರೆಯುವವರಿಗೆ ಬರವಣಿಗೆಯ ಭಯ ಕ್ರಮೇಣ ಕಡಿಮೆಯಾಗುತ್ತದೆ. ಉಳಿದ ವಿಷಯಗಳ ಪರೀಕ್ಷೆಗೂ ಮತ್ತೆ ಕಟ್ಟಿಸಿ. ನೌಕರಿಗೆ, ತರಬೇತಿಗೆ ಅನೇಕ ಕಡೆ ಆ ಪ್ರಮಾಣಪತ್ರ ಕೇಳುತ್ತಾರೆ.

ಒಂದು ಎಚ್ಚರಿಕೆ. ಸೂಜಿ ಹಾಕುವುದು, ಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸ. ಕಂಡದ್ದನ್ನು ಹೊತ್ತಿಗೆ ಸರಿಯಾಗಿ ಅವರಿಗೆ ತಿಳಿಸುವುದು ನಿಮ್ಮ ಮಕ್ಕಳ ಕೆಲಸ.

ಇಂದೇ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್, ದಾರ ಕಟ್ಟಿದ ಒಂದು ಪೆನ್ಸಿಲ್ ತೂಗುಹಾಕಿ. ಮೊದಲ ಗುರುತನ್ನು ನಪಾಸಾದ ಮಗುವೇ ಹಾಕಲಿ.