ಕಡತದೊಳಗಿನ ಹೆಸರು

ಸರ್ಕಾರಿ ಕಡತದಲ್ಲಿ ತುಂಬಿರುವುದು ಹೆಚ್ಚಾಗಿ ಜನರ ವಿವರವೇ. ಕಡತ ನೋಡುವ ಹಕ್ಕು ಒಬ್ಬರದು, ಅದರೊಳಗಿನ ಹೆಸರು ಇನ್ನೊಬ್ಬರದು. ಈ ಎರಡರ ತಿಕ್ಕಾಟ ಭಾರತದಲ್ಲಿ ಬಹಳ ಹಳೆಯದಲ್ಲ. ಮೊದಲು ಕಡತವೇ ತೆರೆಯುತ್ತಿರಲಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. ಈಗಿನ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಲ್ಲಿ ದಫ್ತರದ ಭಾಷೆ ಉರ್ದು. ವಳಕಮದಿನ್ನಿಯಂಥ ಊರಿನ ಕನ್ನಡದ ರೈತ ತನ್ನದೇ ಹೊಲದ ದಾಖಲೆಗೂ ಉರ್ದು ಬಲ್ಲವರ ಮುಖ ನೋಡಬೇಕಿತ್ತು.

2000ದಲ್ಲಿ ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಅದೇ ಹೊತ್ತಿಗೆ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರ್ ಸೇರಿ, ಯಾರ ಹೊಲದ ಪಹಣಿಯನ್ನಾದರೂ ಯಾರಾದರೂ ತೆಗೆಸಬಹುದಾಯಿತು. ಮಾಲೀಕನ ಹೆಸರು, ಎಕರೆ ಗುಂಟೆ, ಬ್ಯಾಂಕಿನ ಸಾಲ ಎಲ್ಲವೂ ಅದರಲ್ಲಿರುತ್ತವೆ. ಸಾಲ ಖಾಸಗಿ ಸಂಗತಿಯೇ ಹೌದು. ಆದರೆ ಅದನ್ನು ಮುಚ್ಚಿಟ್ಟರೆ ಹೊಲ ಕೊಳ್ಳುವವನು ಮೋಸ ಹೋಗುತ್ತಾನೆ.

2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಖಾಸಗಿತನವನ್ನು ಮರೆತಿರಲಿಲ್ಲ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ವಿವರವನ್ನು ಕೊಡಬೇಕಿಲ್ಲ ಎಂದು 8(1)(ಜೆ) ಸೆಕ್ಷನ್ ಹೇಳಿತು. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಲೇಬೇಕು ಎಂದೂ ಸೇರಿಸಿತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಸಾಮಾನ್ಯನಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು. ತೂಗಿ ನೋಡುವ ಹೊಣೆ ಮಾಹಿತಿ ಅಧಿಕಾರಿಯ ಮೇಲಿತ್ತು.

ಇದರ ಬೆಲೆ ತಿಳಿಯುವುದು ಉದ್ಯೋಗ ಖಾತ್ರಿಯ ಹಾಜರಿಪಟ್ಟಿಯಲ್ಲಿ. ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುವವನ ಹೆಸರಿನ ಮುಂದೆ ಊರ ಕೆರೆಯ ಹೂಳೆತ್ತಿದ ಹಾಜರಿ ಬಿದ್ದಿದ್ದರೆ, ಅದನ್ನು ಪತ್ತೆ ಹಚ್ಚಲು ಹೆಸರು ಕಾಣಲೇಬೇಕು. ಹೆಸರು ಅಳಿಸಿದ ಪಟ್ಟಿಯಿಂದ ಯಾವ ಗ್ರಾಮಸಭೆಯೂ ಲೆಕ್ಕ ಕೇಳಲಾರದು. ಅದೇ ಕೂಲಿಕಾರನ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಊರಿಗೆಲ್ಲ ಬೇಕಿಲ್ಲ. 2017ರಲ್ಲಿ ಕೇಂದ್ರ, ರಾಜ್ಯಗಳ ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಆಧಾರ್ ವಿವರವನ್ನು ಬಯಲಿಗಿಟ್ಟಿದ್ದವು. ಇದು ಹೊರಬಿದ್ದದ್ದೂ ಮಾಹಿತಿ ಹಕ್ಕಿನ ಅರ್ಜಿಯಿಂದಲೇ!

ನ್ಯಾಯಾಲಯಗಳು ನಡುವೆ ಗೆರೆ ಎಳೆಯುತ್ತ ಬಂದವು. 2012ರ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ನೌಕರನ ಶಿಸ್ತುಕ್ರಮ, ಆಸ್ತಿ ವಿವರಗಳು ವೈಯಕ್ತಿಕ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಚೇರಿಗಳು ಅದನ್ನು ಗುರಾಣಿ ಮಾಡಿಕೊಂಡವು. ಆಧಾರ್ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಎರಡೂ ಹಕ್ಕುಗಳನ್ನು ಪ್ರಕರಣವಾರು ತೂಗಬೇಕೆಂದು 2019ರ ಸುಭಾಷ್ ಚಂದ್ರ ಅಗರವಾಲ್ ತೀರ್ಪು ವಿವರಿಸಿತು.

ಆ ತಕ್ಕಡಿಯನ್ನು ಕದಲಿಸಿದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ 44(3)ನೇ ಸೆಕ್ಷನ್ 2025ರ ನವೆಂಬರ್‌ನಲ್ಲಿ ಜಾರಿಯಾಗಿ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯ ಷರತ್ತುಗಳೆಲ್ಲ ಹೋದವು. ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು, ನಿರಾಕರಿಸಬಹುದು. 8(2) ಮಾತ್ರ ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದು. ಸರ್ಕಾರ ತೋರಿಸುವ ಸಮಾಧಾನವೂ ಇದೇ. ಆದರೆ ಅರ್ಜಿಗೆ ಕಾರಣ ಹೇಳಬೇಕಿಲ್ಲ ಎನ್ನುವ 6(2) ಹಾಗೇ ಇದ್ದರೂ, ಹಿತ ಯಾವುದೆಂದು ವಿವರಿಸುವ ಭಾರ ಇನ್ನು ಅರ್ಜಿದಾರನ ಹೆಗಲಿಗೇ ಬೀಳುತ್ತದೆ. ವಕೀಲರಿಲ್ಲದ ಹಳ್ಳಿಯವನಿಗೆ ಇದು ಹಗುರವಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಸಹಾಯಧನದ ಫಲಾನುಭವಿಗಳ ವಿವರ, ನೌಕರರ ಸಂಬಳ ಇವನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂಬ 4ನೇ ಸೆಕ್ಷನ್ ಜಾರಿಯಲ್ಲಿದೆ. ಅರ್ಜಿಗೆ ಉತ್ತರ 30 ದಿನದಲ್ಲಿ ಬರಬೇಕು. ಬಾರದಿದ್ದರೆ ಅಥವಾ ನಿರಾಕರಿಸಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ರಾಯಚೂರು ಜಿಲ್ಲೆಯವರಿಗೆ ಆಯೋಗದ ಪೀಠ ಕಲಬುರಗಿಯಲ್ಲಿದೆ. ಬಡತನ ರೇಖೆಗಿಂತ ಕೆಳಗಿನವರು ಅರ್ಜಿ ಶುಲ್ಕ ಕಟ್ಟಬೇಕಿಲ್ಲ.