ಮಜ್ಜೆಯೊಳಗಿನ ಮಹಾಕೋಶ

ತರಕಾರಿ ಹೆಚ್ಚುವಾಗ ಈಳಿಗೆಮಣೆ ತಾಗಿ ಬೆರಳು ಕೊಯ್ದುಕೊಳ್ಳುವುದು ಮನೆಮನೆಯ ಅನುಭವ. ಸ್ವಲ್ಪ ಹೊತ್ತು ಬೆರಳನ್ನು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಹೀಗೆ ನಿಲ್ಲಿಸಲು ಮೊದಲು ಧಾವಿಸಿ ಬರುವವು ರಕ್ತದಲ್ಲಿರುವ ಕಿರುಬಿಲ್ಲೆಗಳು. ವೈದ್ಯರು ಇವನ್ನೇ ಪ್ಲೇಟ್‌ಲೆಟ್ ಎನ್ನುತ್ತಾರೆ. ಮಳೆಗಾಲದಲ್ಲಿ ಡೆಂಗೆ ಜ್ವರ ಹಬ್ಬಿದಾಗ ಈ ಹೆಸರು ಎಲ್ಲರ ಬಾಯಲ್ಲೂ ಕೇಳಿಬರುತ್ತದೆ. “ಇಂದು ಎಷ್ಟು ಸಾವಿರಕ್ಕೆ ಇಳಿಯಿತು?” ಎಂದು ರೋಗಿಯ ಮಂಚದ ಬಳಿ ನಿಂತವರು ದಿನದಿನವೂ ಕೇಳುತ್ತಾರೆ. ಇಳಿದದ್ದು ಮತ್ತೆ ಏರುವುದಕ್ಕೆ ಹಲವು ದಿನಗಳೇಕೆ ಬೇಕು? ಇದಕ್ಕೆ ಉತ್ತರ ನಮ್ಮ ಎಲುಬಿನೊಳಗಿನ ಮಜ್ಜೆಯಲ್ಲಿದೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ೧,೫೦,೦೦೦ದಿಂದ ೪,೫೦,೦೦೦ದವರೆಗೆ ಕಿರುಬಿಲ್ಲೆಗಳಿರುತ್ತವೆ. ಅವುಗಳ ಆಯುಸ್ಸು ೭ರಿಂದ ೧೦ ದಿನ ಮಾತ್ರ. ಆದ್ದರಿಂದ ದೇಹವು ದಿನವೊಂದಕ್ಕೆ ಸುಮಾರು ೧೦,೦೦೦ ಕೋಟಿ ಹೊಸ ಬಿಲ್ಲೆಗಳನ್ನು ತಯಾರಿಸಬೇಕಾಗುತ್ತದೆ.

ರಕ್ತವನ್ನು ತಡೆಯುವುದರಲ್ಲಿ ಇವುಗಳ ಪಾತ್ರವೇನೆಂಬುದನ್ನು ೧೮೮೨ರಲ್ಲಿ ಇಟಲಿಯ ಜೂಲಿಯೊ ಬಿಜ್ಜೊಜೆರೊ ವಿವರಿಸಿದರು. ಇವು ಹುಟ್ಟುವುದೆಲ್ಲಿ ಎಂಬುದು ಆಗಲೂ ಬಗೆಹರಿದಿರಲಿಲ್ಲ. ೧೯೦೬ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್, ತಾವೇ ಸಿದ್ಧಪಡಿಸಿದ ಬಣ್ಣದ ನೆರವಿನಿಂದ ರಕ್ತವನ್ನೂ ಮಜ್ಜೆಯನ್ನೂ ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದರು. ಬಿಲ್ಲೆಯೊಳಗೆ ಕಾಣುವ ಕಣಗಳೇ ಮಜ್ಜೆಯ ಒಂದು ಬೃಹತ್ ಜೀವಕೋಶದಲ್ಲಿಯೂ ಅದೇ ಬಣ್ಣದಲ್ಲಿ ಕಂಡವು. ಬಿಲ್ಲೆಗಳು ಆ ಕೋಶದಿಂದ ಕಳಚಿಕೊಂಡ ತುಣುಕುಗಳೆಂದು ಅವರು ತಿಳಿಸಿದರು. ಆ ಕೋಶದ ಹೆಸರು ಮೆಗಾಕ್ಯಾರಿಯೋಸೈಟ್. ನಾವು ಅದನ್ನು ಮಹಾಕೋಶವೆಂದು ಕರೆಯೋಣ.

ಸಾಮಾನ್ಯ ಜೀವಕೋಶವು ತನ್ನ ೪೬ ವರ್ಣತಂತುಗಳನ್ನು ಇಮ್ಮಡಿಸಿಕೊಂಡು, ನಡುವೆ ಸೀಳಿ ಎರಡಾಗುತ್ತದೆ. ಮಹಾಕೋಶವೂ ಎಳವೆಯಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ಆದರೆ ಒಂದು ಹಂತವಾದ ಮೇಲೆ ವರ್ಣತಂತುಗಳು ಇಮ್ಮಡಿಯಾಗುತ್ತವೆ, ಅಗಲುವುದಕ್ಕೆ ಅಣಿಯೂ ಆಗುತ್ತವೆ. ಕೋಶ ಮಾತ್ರ ಎರಡಾಗುವುದಿಲ್ಲ. ಎಲ್ಲವೂ ಮರಳಿ ಒಂದೇ ಕೋಶಕೇಂದ್ರದೊಳಗೆ ಸೇರುತ್ತವೆ. ಮಕ್ಕಳು ಮೊಮ್ಮಕ್ಕಳು ಹೆಚ್ಚಿದರೂ ಪಾಲಾಗದೆ ಒಂದೇ ಸೂರಿನಡಿ ಉಳಿದ ದೊಡ್ಡ ಸಂಸಾರದಂತೆ ಇದು. ೪೬ ಇದ್ದದ್ದು ೯೨, ೧೮೪, ೩೬೮ ಆಗುತ್ತದೆ. ಕೆಲವು ಕೋಶಗಳಲ್ಲಿ ಇನ್ನೂ ಹೆಚ್ಚಾಗುವುದುಂಟು.

ಹೀಗೆ ಒಡೆಯದೆ ಬೆಳೆಯುವುದರಿಂದ ಲಾಭವೇನು? ಸಂಸಾರ ದೊಡ್ಡದಾದಷ್ಟೂ ದುಡಿಯುವ ಕೈಗಳು ಹೆಚ್ಚು. ಬಿಲ್ಲೆಗಳಿಗೆ ಬೇಕಾದ ಪೊರೆ, ಸಸಾರಜನಕ, ಕಣಗಳು ಇವೆಲ್ಲ ಕೋಶದೊಳಗೆ ರಾಶಿಯಾಗಿ ತಯಾರಾಗುತ್ತವೆ. ಅದರ ಒಡಲು ೫೦ರಿಂದ ೧೦೦ ಮೈಕ್ರಾನಿನವರೆಗೆ ಹಿಗ್ಗುತ್ತದೆ. ಬಿಲ್ಲೆಯ ಅಳತೆಯಾದರೋ ೨–೩ ಮೈಕ್ರಾನ್ ಮಾತ್ರ. ಹಲವು ದಿನಗಳ ಈ ಸಿದ್ಧತೆ ಮುಗಿದ ಬಳಿಕ ಕೋಶವು, ಶಾವಿಗೆಯ ಒರಳಿನಿಂದ ಎಳೆ ಇಳಿಯುವಂತೆ, ಮಜ್ಜೆಯ ರಕ್ತನಾಳದೊಳಕ್ಕೆ ಉದ್ದನೆಯ ಎಳೆಗಳನ್ನು ಚಾಚುತ್ತದೆ. ಹರಿಯುವ ರಕ್ತದ ಸೆಳೆತಕ್ಕೆ ಅವು ತುಂಡಾಗಿ ಬಿಲ್ಲೆಗಳಾಗುತ್ತವೆ. ಒಂದೊಂದು ಮಹಾಕೋಶವೂ ಸಾವಿರಾರು ಬಿಲ್ಲೆಗಳನ್ನು ಕೊಟ್ಟು ತಾನು ಮುಗಿದುಹೋಗುತ್ತದೆ.

ಈ ಕೆಲಸಕ್ಕೆ ಅಪ್ಪಣೆ ಕೊಡುವುದು ಹೆಚ್ಚಾಗಿ ಯಕೃತ್ತಿನಿಂದ ಬರುವ ಥ್ರಾಂಬೋಪೊಯೆಟಿನ್ ಎಂಬ ರಸ. ವಿಜ್ಞಾನಿಗಳು ಇದನ್ನು ಬೇರ್ಪಡಿಸಿದ್ದು ೧೯೯೪ರಲ್ಲಿ. ರಕ್ತದಲ್ಲಿ ಬಿಲ್ಲೆಗಳು ಸಾಕಷ್ಟಿದ್ದರೆ ಅವೇ ಈ ರಸವನ್ನು ಹೀರಿಬಿಡುತ್ತವೆ. ಅವು ಕಡಿಮೆಯಾದರೆ ರಸ ಉಳಿದು ಮಜ್ಜೆಯನ್ನು ತಲುಪುತ್ತದೆ. ಅಲ್ಲಿ ಕೆಲಸ ಚುರುಕಾಗುತ್ತದೆ. ಆದರೂ ಕೋಶ ಬಲಿಯುವುದಕ್ಕೆ ದಿನಗಳು ಬೇಕೇ ಬೇಕು.

ಡೆಂಗೆಯಲ್ಲಿ ಮಜ್ಜೆಯ ಕೆಲಸ ಕುಗ್ಗುತ್ತದೆ, ರಕ್ತದಲ್ಲಿರುವ ಬಿಲ್ಲೆಗಳೂ ಬೇಗ ನಾಶವಾಗುತ್ತವೆ. ಹೊರಗಿನಿಂದ ಕೊಟ್ಟ ಬಿಲ್ಲೆಗಳೂ ಹೆಚ್ಚು ಕಾಲ ಉಳಿಯಲಾರವು. ಆದಕಾರಣ ಅಂಕಿಯೊಂದನ್ನೇ ಕಂಡು ಗಾಬರಿಪಡಬಾರದು. ತಡೆಯಲಾರದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕವಿಯುವುದು ಇವು ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಜ್ವರಕ್ಕೆಂದು ಆಸ್ಪಿರಿನ್ ನುಂಗಬಾರದು. ಅದು ಬಿಲ್ಲೆಯ ಅಂಟುವ ಶಕ್ತಿಯನ್ನು ಕುಗ್ಗಿಸುತ್ತದೆ. ಕೋಶಕೇಂದ್ರವಿಲ್ಲದ ಬಿಲ್ಲೆಗೆ ಆ ನಷ್ಟವನ್ನು ತುಂಬಿಕೊಳ್ಳುವ ಉಪಾಯವಿಲ್ಲ. ಹೃದಯದ ಕಾಯಿಲೆಗೆಂದು ಅದನ್ನು ದಿನವೂ ಸೇವಿಸುವವರು ವೈದ್ಯರನ್ನು ಕೇಳಿ ನಡೆಯಬೇಕು.

ರಕ್ತ ಸೋರುತ್ತಿರುವವರಿಗೆ, ಮಜ್ಜೆಯೇ ಬತ್ತಿದ ಕ್ಯಾನ್ಸರ್ ರೋಗಿಗಳಿಗೆ ಇನ್ನೊಬ್ಬರ ಬಿಲ್ಲೆಗಳೇ ಆಸರೆ. ಆದರೆ ದಾನವಾಗಿ ಬಂದ ಬಿಲ್ಲೆಗಳನ್ನು ರಕ್ತನಿಧಿಯಲ್ಲಿ ಸಾಮಾನ್ಯವಾಗಿ ೫ ದಿನ ಮಾತ್ರ ಇಡಬಹುದು. ವರ್ಷಕ್ಕೊಮ್ಮೆ ಕೂಡಿಟ್ಟು ವರ್ಷವಿಡೀ ಬಳಸುವಂತಿಲ್ಲ. ಕೊಟ್ಟವರಿಗೆ ನಷ್ಟವೂ ಇಲ್ಲ. ಕೆಲವೇ ದಿನಗಳಲ್ಲಿ ಅವರ ಮಜ್ಜೆ ಅದನ್ನು ತುಂಬಿಕೊಡುತ್ತದೆ. ಪಡೆದವರಿಗೆ ಮಾತ್ರ, ತಮ್ಮ ಮಹಾಕೋಶಗಳು ಬಲಿಯುವವರೆಗಿನ ಆ ನಾಲ್ಕು ದಿನಗಳನ್ನು ದಾಟಲು ಅದೇ ಸೇತುವೆಯಾಗುತ್ತದೆ.